ಸರಾಸರಿ ಎಂದರೆ ಯಾವ ಸರಾಸರಿ?

ವಾಣಿಜ್ಯ ವ್ಯವಹಾರದಲ್ಲಿ ‘ಸರಾಸರಿ’ಯಷ್ಟು ಧಾರಾಳವಾಗಿ ಬಳಕೆಯಾಗುವ ಸಂಖ್ಯಾಶಾಸ್ತ್ರದ ಪದ ಬಹುಶಃ ಇನ್ನೊಂದಿಲ್ಲ. ಸರಾಸರಿ ಮಾರಾಟ, ಸರಾಸರಿ ದಾಸ್ತಾನು, ಸರಾಸರಿ ವಸೂಲಿ ಅವಧಿ ಎಂಬ ಮಾತುಗಳು ಬ್ಯಾಂಕಿಗೆ ಸಲ್ಲಿಸುವ ವರದಿಯಿಂದ ಗಲ್ಲಾಪೆಟ್ಟಿಗೆಯ ಬಳಿಯ ಸಂಭಾಷಣೆಯವರೆಗೆ ಎಲ್ಲೆಡೆ ಕೇಳಿಬರುತ್ತವೆ. ಆದರೆ ಆ ಅಂಕಿಯನ್ನು ಹೇಗೆ ಲೆಕ್ಕ ಹಾಕಲಾಯಿತೆಂದು ವಿಚಾರಿಸುವವರು ವಿರಳ.

ಸಣ್ಣ ಉದ್ದಿಮೆದಾರರೊಬ್ಬರು ಒಂದೇ ಕಂಪನಿಗೆ ಐದು ಬಿಲ್ಲುಗಳಲ್ಲಿ 10 ಲಕ್ಷ ರೂಪಾಯಿ ಮೌಲ್ಯದ ಸರಕು ಪೂರೈಸಿದರೆಂದು ಭಾವಿಸೋಣ. ತಲಾ 50,000 ರೂಪಾಯಿಯ ನಾಲ್ಕು ಬಿಲ್ಲುಗಳ ಹಣ ಕ್ರಮವಾಗಿ 10, 15, 15 ಮತ್ತು 20 ದಿನಗಳಲ್ಲಿ ಬಂದಿತು. 8 ಲಕ್ಷ ರೂಪಾಯಿಯ ಐದನೆಯ ಬಿಲ್ಲಿನ ಹಣ ಬರಲು 120 ದಿನಗಳಾದವು. ದಿನಗಳನ್ನು ಕೂಡಿಸಿ ಐದರಿಂದ ಭಾಗಿಸಿದರೆ ಸರಾಸರಿ 36 ದಿನ. ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ನಿಲ್ಲುವ ಮಧ್ಯಾಂಕ 15 ದಿನ. ಬಿಲ್ಲಿನ ಮೊತ್ತಕ್ಕೆ ತಕ್ಕ ತೂಕ ನೀಡಿದರೆ 99 ದಿನ. ಗಣಿತದ ದೃಷ್ಟಿಯಿಂದ ಮೂರೂ ಸರಿಯೇ. ಖರೀದಿದಾರರಿಗೆ ಪ್ರಿಯವಾದದ್ದು ಮೊದಲೆರಡು. ದುಡಿಯುವ ಬಂಡವಾಳಕ್ಕೆ ಬಡ್ಡಿ ಕಟ್ಟುವವರ ಸಂಕಷ್ಟವನ್ನು ತೋರುವುದು ಮೂರನೆಯದು.

ಮಧ್ಯಾಂಕ ನಿರರ್ಥಕವೆಂದು ಇದರ ಅರ್ಥವಲ್ಲ. ಹತ್ತು ಕಾರ್ಮಿಕರ ವೇತನದೊಡನೆ ವ್ಯವಸ್ಥಾಪಕರ ದೊಡ್ಡ ಸಂಬಳ ಸೇರಿದಾಗ ಸಾಮಾನ್ಯ ಕಾರ್ಮಿಕನ ಸ್ಥಿತಿಯನ್ನು ಅದೇ ಸರಿಯಾಗಿ ಹೇಳುತ್ತದೆ. ಪ್ರಶ್ನೆ ಯಾವುದೋ, ಅಳತೆಯೂ ಅದಕ್ಕೆ ತಕ್ಕದ್ದಾಗಿರಬೇಕು.

ಕಾನೂನಂತೂ ಈ ವಿಷಯದಲ್ಲಿ ಸರಾಸರಿಯನ್ನು ಪರಿಗಣಿಸುವುದೇ ಇಲ್ಲ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಸರಕು ಸ್ವೀಕೃತವಾದ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಮಾಸಿಕ ಚಕ್ರಬಡ್ಡಿಯಾಗಿ ತೆರಬೇಕು. ಇಂತಹ ತಡವಾದ ಬಾಕಿಯನ್ನು, ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ಒಪ್ಪುವ ನಿಯಮವನ್ನು 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯಲ್ಲಿ ಸೇರಿಸಿತು. ‘ನಮ್ಮ ಸರಾಸರಿ 36 ದಿನ’ ಎಂಬ ಸಮಜಾಯಿಷಿ ಅಲ್ಲಿ ನಡೆಯದು. 120 ದಿನದ ಬಿಲ್ಲು 120 ದಿನದ ಬಿಲ್ಲೇ.

ಆದುದರಿಂದ ವಸೂಲಿ ವರದಿಯಲ್ಲಿ ಒಂಟಿ ಸರಾಸರಿಯನ್ನು ಬರೆದು ನಿಲ್ಲಿಸುವ ರೂಢಿಯನ್ನು ಉದ್ದಿಮೆದಾರರು ಕೈಬಿಡುವುದು ಒಳಿತು. ಮೊತ್ತದ ತೂಕದ ಸರಾಸರಿ, ಅತ್ಯಂತ ಹಳೆಯ ಬಾಕಿಯ ವಯಸ್ಸು, 45 ದಿನ ಮೀರಿದ ಬಿಲ್ಲುಗಳ ಒಟ್ಟು ಮೊತ್ತ ಎಂಬ ಮೂರು ಸಾಲುಗಳನ್ನು ಅದರೊಡನೆ ಸೇರಿಸಲು ಹೆಚ್ಚು ಶ್ರಮ ಬೇಕಿಲ್ಲ. ಸಾಲ ನೀಡುವ ಬ್ಯಾಂಕುಗಳೂ ಅವನ್ನೇ ಕೇಳತೊಡಗಿದರೆ, ಸರಾಸರಿಯ ಮರೆಯಲ್ಲಿ ಅಡಗಿದ ಬಾಕಿ ಸಕಾಲದಲ್ಲಿ ಬೆಳಕಿಗೆ ಬಂದೀತು.