ಗಂಗಾಳ ಬ್ಯಾರೆ ಇಟ್ಟವರು ನಾವೇ



ಬಸ್ ಸ್ಟ್ಯಾಂಡಿನ ಮೂತ್ರಿಖಾನೆ ಗೋಡೆ ನೋಡಿದ್ದೀರಿ. ನೋಡಿಲ್ಲ ಅನ್ನಬ್ಯಾಡ್ರಿ. ಗುಪ್ತರೋಗ, ಧಾತುನಾಶ, ಸ್ವಪ್ನಸ್ಖಲನ, ಖಾತ್ರಿ ಇಲಾಜು, ಗುರುವಾರಕ್ಕೊಮ್ಮೆ ಲಾಡ್ಜಿನಲ್ಲಿ ಭೇಟಿ. ಓದದವರ ಹಾಗೆ ಓದಿ, ಆಚೀಚೆ ನೋಡಿ, ನಂಬರು ಬರಕೊಂಡು ಬಂದವರು ಹಾಸ್ಟೆಲಿನಲ್ಲಿ ಎಷ್ಟು ಮಂದಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾನೂ ಬರಕೊಂಡಿದ್ದೆ. ಹೋಗಲಿಲ್ಲ, ರೊಕ್ಕ ಇರಲಿಲ್ಲ.

ನನ್ನ ರೂಮಿನವನು ಹೋದ. ಅವನ ಹತ್ತಿರ ಆಗಷ್ಟೇ ಬಂದ ಸ್ಕಾಲರ್‌ಶಿಪ್ ಇತ್ತು. ಲಾಡ್ಜಿನ ಡಾಕ್ಟರು ಅವನ ನಾಡಿ ಹಿಡಿದು, 'ಒಂದು ಹನಿ ಧಾತು ಅಂದರೆ ಎಷ್ಟು ಹನಿ ರಕ್ತ ಗೊತ್ತೇನೋ' ಅಂತ ಹೆದರಿಸಿ, ಮೂರು ಪುಡಿಕೆ ಭಸ್ಮ ಕಟ್ಟಿಕೊಟ್ಟು ಇಡೀ ವರ್ಷದ ಪುಸ್ತಕದ ಹಣ ಇಸಕೊಂಡ. ಹುಡುಗನಿಗೆ ಇದ್ದದ್ದು ಒಂದು ಹುಣ್ಣು. ನೋವಿಲ್ಲದ ಹುಣ್ಣು. ಭಸ್ಮ ತಿಂದ, ಹುಣ್ಣು ಮಾಯಿತು, ವಾಸಿಯಾಯಿತು ಅಂದುಕೊಂಡ. ಎರಡು ತಿಂಗಳಿಗೆ ಅಂಗೈ ಅಂಗಾಲಿನ ಮೇಲೆ ಕಲೆ ಬಂದವು. ಸರಕಾರಿ ದವಾಖಾನೆಯಲ್ಲಿ ರಕ್ತ ನೋಡಿದರು. ಸಿಫಿಲಿಸ್. ಪೆನ್ಸಿಲಿನ್ ಸೂಜಿ ಚುಚ್ಚಿದರು. ಒಂದು ಪೈಸೆ ಖರ್ಚಾಗಲಿಲ್ಲ.

ಕೇಳಿ, ಇದು ತಿಳಿದಿರಬೇಕಾದದ್ದು. ಈ ರೋಗದ ಹುಣ್ಣು ತಾನಾಗಿಯೇ ಮಾಯುತ್ತದೆ. ಭಸ್ಮ ತಿಂದರೂ ಮಾಯುತ್ತದೆ, ಏನೂ ತಿನ್ನದಿದ್ದರೂ ಮಾಯುತ್ತದೆ. ಲಾಡ್ಜಿನವನ ಹೆಸರು ಉಳಿದಿರುವುದೇ ಇದರ ಮೇಲೆ. ರೋಗ ಮಾತ್ರ ರಕ್ತದಲ್ಲಿ ಕೂತಿರುತ್ತದೆ; ವರ್ಷಗಳ ಮೇಲೆ ಹೃದಯಕ್ಕೆ, ಮಿದುಳಿಗೆ ಏರಬಹುದು. ಇನ್ನು ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗವೇ ಅಲ್ಲ. ಕೈಯಿಂದ ಹೋದರೂ ಅಲ್ಲ. ವೀರ್ಯ ಕಟ್ಟಿದವನೇ ಮಹಾತ್ಮ ಅನ್ನುವ ಮಠ-ಆಶ್ರಮದ ಮಾತನ್ನು ಪುಡಿಕೆ ಕಟ್ಟಿ ಕೇರಿಯ ಹುಡುಗನಿಗೆ ಮಾರುವ ಧಂದೆ ಇದು. ನಮ್ಮ ಅಪ್ಪಂದಿರು ಧಣಿಗೆ ಜೀತ ಮಾಡಿದರು. ನಾವು ಲಾಡ್ಜಿನವನಿಗೆ ಸ್ಕಾಲರ್‌ಶಿಪ್ ಸಲ್ಲಿಸುತ್ತಿದ್ದೇವೆ.

ನಾನು ಹೂಲಿಯವನು. ಪಂಚಲಿಂಗೇಶ್ವರನ ಗುಡಿ ನೋಡಲಿಕ್ಕೆ ದೂರದೂರದ ಮಂದಿ ಬರುವ ಊರು. ಬಂದವರು ಕಲ್ಲಿನ ಫೋಟೋ ಹೊಡಕೊಂಡು ಹೋಗುತ್ತಾರೆ, ಕೇರಿಗೆ ಬರೋದಿಲ್ಲ. ಬಂದಿದ್ದರೆ ನಮ್ಮ ದೊಡ್ಡವ್ವನನ್ನು ನೋಡುತ್ತಿದ್ದರು. ಎಲ್ಲಮ್ಮನ ಗುಡ್ಡದಲ್ಲಿ ಮುತ್ತು ಕಟ್ಟಿಸಿಕೊಂಡಾಗ ಅವಳಿಗೆ ಹಾಲುಹಲ್ಲು ಬಿದ್ದಿದ್ದವಷ್ಟೆ. ಆಮೇಲೆ ಊರ ಧಣಿ, ಆಮೇಲೆ ಸಾಂಗ್ಲಿ, ಆಮೇಲೆ ಮುಂಬೈ. ತಿರುಗಿ ಬಂದಾಗ ಮೈಯಲ್ಲಿ ಎಲುಬು ಮಾತ್ರ ಇತ್ತು. ನಾವು ಅವಳಿಗೆ ಹಿತ್ತಲಲ್ಲಿ ಚಾಪೆ ಹಾಸಿ, ಒಂದು ಜರ್ಮನ್ ಗಂಗಾಳ ಬ್ಯಾರೆ ಇಟ್ಟೆವು. ಆ ಗಂಗಾಳ ಯಾರೂ ಮುಟ್ಟುತ್ತಿರಲಿಲ್ಲ. ಕಾಲಿನಿಂದ ಸರಿಸಿ ಅವಳ ಮುಂದೆ ಇಡುತ್ತಿದ್ದವನು ನಾನು. ಅವಳು ಒಂದು ದಿನವೂ ಏನೂ ಅನ್ನಲಿಲ್ಲ. ಹೋಟೆಲಿನಲ್ಲಿ ನಮಗೆ ಬ್ಯಾರೆ ಕಪ್ಪು ಇಟ್ಟರು ಅಂತ ನಮ್ಮ ಹಿರಿಯರು ಜೈಲಿಗೆ ಹೋದ ಕಥೆ ಅದೇ ಮನೆಯ ಕಟ್ಟೆ ಮೇಲೆ ಕೂತು ಕೇಳುತ್ತಿದ್ದೆವು.

ಅವಳು ಸತ್ತದ್ದು 2009ರಲ್ಲಿ. ಎಚ್‌ಐವಿಗೆ ಸರಕಾರ ಪುಕ್ಕಟೆ ಔಷಧ ಕೊಡಲಿಕ್ಕೆ ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಲೆಕ್ಕ ಹಾಕಿರಿ. ಐದು ವರ್ಷ ಆ ಗುಳಿಗೆ ಸರಕಾರಿ ದವಾಖಾನೆಗಳಲ್ಲಿ ಸಿಗುತ್ತಿತ್ತು, ಐದು ವರ್ಷ ನಮಗೆ ಮಾನದ ಚಿಂತೆ ಇತ್ತು.

ಜೋಗತಿಯರಿಂದ ರೋಗ ಹಬ್ಬಿತು ಅನ್ನುವವರು ಇನ್ನೂ ಇದ್ದಾರೆ. ಪಕ್ಕದ ಬಾಗಲಕೋಟ ಜಿಲ್ಲೆಯಲ್ಲಿ 2003ರಲ್ಲಿ ಮನೆಮನೆಗೆ ಹೋಗಿ ರಕ್ತ ಪರೀಕ್ಷೆ ಮಾಡಿದಾಗ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಎಚ್‌ಐವಿ ಸಿಕ್ಕಿತು. ಪರೀಕ್ಷೆ ಆದವರು ಸಾಮಾನ್ಯ ಮಂದಿ. ಮುತ್ತು ಕಟ್ಟಿದವರಾರು? ಮೊದಲ ರಾತ್ರಿಗೆ ಸೀರೆ-ಬಂಗಾರ ಕಳಿಸಿದವರಾರು? ಅವರ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. 1982ರಲ್ಲಿ ಕಾನೂನು ಬಂತು. ಅದಾದ ಮೇಲೂ 1993-94 ಮತ್ತು 2007-08ರ ಎರಡು ಸರಕಾರಿ ಸಮೀಕ್ಷೆ ಕೂಡಿ 46,660 ದೇವದಾಸಿಯರನ್ನು ಎಣಿಸಿದವು. ಎಣಿಸಿದ್ದು ಹೆಂಗಸರನ್ನು ಮಾತ್ರ.

ಅದೇ 2007ರಲ್ಲಿ ಶಾಲೆಗಳಲ್ಲಿ ಹದಿಹರೆಯದವರಿಗೆ ಲೈಂಗಿಕ ಶಿಕ್ಷಣ ಕೊಡುವ ಕಾರ್ಯಕ್ರಮವನ್ನು ಕರ್ನಾಟಕ ನಿಲ್ಲಿಸಿತು. ಸಂಸ್ಕೃತಿಗೆ ಧಕ್ಕೆಯಂತೆ! ಹತ್ತು ವರ್ಷದ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿದಾಗ ಧಕ್ಕೆ ಆಗದ ಸಂಸ್ಕೃತಿ, ಕರಿಹಲಗೆ ಮೇಲೆ ಗರ್ಭಕೋಶದ ಚಿತ್ರ ಬರೆದರೆ ಬಿರುಕು ಬಿಡುತ್ತದೆ. ಮುಂದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿದಾಗ, ಎಚ್‌ಐವಿ ಬಗ್ಗೆ ಪೂರಾ ತಿಳಿವಳಿಕೆ ಇದ್ದವರು ದೇಶದ ಹೆಂಗಸರಲ್ಲಿ ನೂರಕ್ಕೆ 21.6, ಗಂಡಸರಲ್ಲಿ 30.7.

ಆದರೆ ಮಠದವರನ್ನು, ಮಂತ್ರಿಗಳನ್ನು ಬೈದು ಕೈ ತೊಳೆಯಲಿಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ನಮ್ಮ ಸಭೆಯಲ್ಲೇ ಹಿರಿಯ ಅಣ್ಣನೊಬ್ಬ ನನ್ನ ಭುಜ ಹಿಡಿದು ಅಂದ: 'ತಮ್ಮಾ, ಭೂಮಿ ಅದ, ಮೀಸಲಾತಿ ಅದ, ದೌರ್ಜನ್ಯ ಅದಾವ. ಅದೆಲ್ಲಾ ಬಿಟ್ಟು ಈ ಹೊಲಸು ಸುದ್ದಿ ಯಾಕೋ?' ಅಣ್ಣಾ, ನಿಮ್ಮ ಮೇಲೆ ಗೌರವ ಅದ. ಆದರ ಕೇಳ್ರಿ. 1934ರಲ್ಲಿ ಮುಂಬೈಯಲ್ಲಿ ರಘುನಾಥ ಧೋಂಡೊ ಕರ್ವೆ ಅನ್ನುವವರ ಮೇಲೆ ಅಶ್ಲೀಲತೆಯ ಖಟ್ಲೆ ನಡೆಯಿತು. 'ಸಮಾಜಸ್ವಾಸ್ಥ್ಯ' ಅನ್ನುವ ಪತ್ರಿಕೆಯಲ್ಲಿ ಓದುಗರು ನಾಚಿಕೆ ಬಿಟ್ಟು ಕೇಳಿದ ಪ್ರಶ್ನೆಗಳಿಗೆ ಅವರು ನಾಚಿಕೆ ಬಿಟ್ಟು ಉತ್ತರ ಕೊಟ್ಟಿದ್ದೇ ಗುನ್ನೆ. ಸನಾತನಿಗಳು ಒಂದಾದರು. ಕರ್ವೆ ಪರವಾಗಿ ಕೋರ್ಟಿನಲ್ಲಿ ನಿಂತ ವಕೀಲರು ಯಾರು? ಬಾಬಾಸಾಹೇಬರು! ಲೈಂಗಿಕ ವಿಷಯ ಬರೆದ ಮಾತ್ರಕ್ಕೆ ಅಶ್ಲೀಲ ಆಗೋದಿಲ್ಲ, ಕೇಳಿದವನಿಗೆ ಉತ್ತರ ಕೊಡುವುದೇ ಆ ಪತ್ರಿಕೆಯ ಕೆಲಸ ಅಂತ ವಾದಿಸಿದರು. ಖಟ್ಲೆ ಸೋತರು, ಕರ್ವೆಗೆ ದಂಡ ಬಿತ್ತು. ಬಾಬಾಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. 1938ರಲ್ಲಿ ಮುಂಬೈ ಶಾಸನಸಭೆಯಲ್ಲಿ ಸಂತತಿ ನಿಯಂತ್ರಣದ ಠರಾವು ಅವರ ಪಕ್ಷದಿಂದಲೇ ಬಂತು. ಅದೂ ಬಿದ್ದುಹೋಯಿತು. ಆಗ ನಮ್ಮ ಹೂಲಿ-ಸವದತ್ತಿ ಎಲ್ಲ ಅದೇ ಮುಂಬೈ ಇಲಾಖೆಯೊಳಗೇ ಇದ್ದವು. ಫೋಟೋಕ್ಕೆ ಮಾಲೆ ಹಾಕುವ ನಮಗೆ ಈ ಸುದ್ದಿ ಯಾಕೆ ಹೇಳಿಲ್ಲ?

ಹೆಣ್ಣುಮಕ್ಕಳ ಹಾಸ್ಟೆಲಿನ ಅಕ್ಕತಂಗಿಯರೆ, ನಿಮ್ಮ ಪಾಡು ನಮಗಿಂತ ಕಷ್ಟ. ವಾಸನೆಯ ಬಿಳಿಸೆರಗು, ತುರಿಕೆ, ಕಿಬ್ಬೊಟ್ಟೆ ನೋವು ಇಟ್ಟುಕೊಂಡು ಪರೀಕ್ಷೆ ಬರೆಯುತ್ತೀರಿ. ದವಾಖಾನೆಗೆ ಹೋದರೆ ಮೊದಲ ಪ್ರಶ್ನೆ, 'ಲಗ್ನ ಆಗೇತೇನು?' ಆ ಪ್ರಶ್ನೆಗೆ ಹೆದರಿ ತಿರುಗಿ ಬರುವವರೇ ಹೆಚ್ಚು. ಚಿಕಿತ್ಸೆ ಬಿಟ್ಟರೆ ಕೆಲವು ಸೋಂಕು ಗರ್ಭನಾಳಕ್ಕೇ ಏರಿ ಮುಂದೆ ಬಂಜೆ ಅನ್ನುವ ಹೆಸರೂ ನಿಮ್ಮ ತಲೆಗೇ. ಹುಡುಗರೆ, ಇಲ್ಲಿ ನಗಬ್ಯಾಡ್ರಿ. ಆ ಸೋಂಕು ಎಷ್ಟೋ ಸಲ ನಮ್ಮಿಂದಲೇ ಹೋದದ್ದು. ಚಿಕಿತ್ಸೆ ಇಬ್ಬರಿಗೂ ಆಗಬೇಕು. ಅವಳು ಬ್ಯಾಡ ಅಂದರೆ ಬ್ಯಾಡ. ಧಣಿ ನಮ್ಮ ದೊಡ್ಡವ್ವನಿಗೆ ಮಾಡಿದ್ದನ್ನು ನಾವು ಪ್ರೀತಿಯ ಹೆಸರಿನಲ್ಲಿ ಮಾಡಿದರೆ ನಾವೂ ಧಣಿಗಳೇ.

ತಾಲೂಕು ದವಾಖಾನೆಯಲ್ಲಿ ಎಚ್‌ಐವಿ ಪರೀಕ್ಷೆ ಪುಕ್ಕಟೆ, ಗುಟ್ಟಾಗಿ ಮಾಡುತ್ತಾರೆ. ನಿರೋಧ್ ಸರಕಾರಿ ದವಾಖಾನೆಯಲ್ಲಿ ಕೇಳಿದರೆ ಕೊಡುತ್ತಾರೆ, ಕೇಳಲಿಕ್ಕೆ ನಾಲಿಗೆ ಬೇಕು ಅಷ್ಟೆ. ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್ ಅಂತ ಇದೆ. 1097ಕ್ಕೆ ಫೋನು ಮಾಡಿದರೆ ದುಡ್ಡು ಹೋಗೋದಿಲ್ಲ. ಅಪಾಯದ ಸಂಪರ್ಕ ಆಗಿದ್ದರೆ 72 ತಾಸಿನ ಒಳಗೆ ಔಷಧ ಶುರು ಮಾಡಿ ಎಚ್‌ಐವಿ ತಡೆಯಬಹುದು, ಆದ್ದರಿಂದ ನಾಳೆ ನೋಡೋಣ ಅನ್ನಬ್ಯಾಡ್ರಿ. ಬಂದವರೂ ದಿನಾ ಗುಳಿಗೆ ತಗೊಂಡು, ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದರೆ, ಸಂಭೋಗದಿಂದ ಇನ್ನೊಬ್ಬರಿಗೆ ಹಬ್ಬೋದಿಲ್ಲ. ಒಂದೇ ಗಂಗಾಳದಲ್ಲಿ ಉಂಡರೆ ಅಂತೂ ಎಂದೂ ಹಬ್ಬೋದಿಲ್ಲ. ರೋಗದ ನೆವದಿಂದ ಯಾರನ್ನೂ ಶಾಲೆ, ಕೆಲಸ, ಮನೆಯಿಂದ ದೂರ ಇಡಬಾರದು ಅಂತ 2017ರಲ್ಲಿ ಕಾಯ್ದೆಯೂ ಆಗಿದೆ.

ನಮ್ಮ ವಾರ್ಡನ್ನರಿಗೆ ಒಂದು ಅರ್ಜಿ ಬರೆದಿದ್ದೇವೆ. ತಿಂಗಳಿಗೊಮ್ಮೆ ತಾಲೂಕು ದವಾಖಾನೆಯಿಂದ ಒಬ್ಬ ಡಾಕ್ಟರು ಮತ್ತು ಒಬ್ಬ ಸಿಸ್ಟರ್ ಹಾಸ್ಟೆಲಿಗೆ ಬರಬೇಕು. ಹೆಸರು ಬರೆಯದೆ ಪ್ರಶ್ನೆ ಹಾಕಲಿಕ್ಕೆ ಊಟದ ಹಾಲಿನಲ್ಲಿ ಒಂದು ಪೆಟ್ಟಿಗೆ ಇಡಬೇಕು. ಇಷ್ಟೇ. ಅವರು ಓದಿ, ಮಡಚಿ, 'ಇದರಲ್ಲಿ ಬರೇ ಹನ್ನೊಂದು ಸಹಿ ಅದಾವಲ್ಲೋ' ಅಂದರು. ಹಾಸ್ಟೆಲಿನಲ್ಲಿ ನಾವು ತೊಂಬತ್ತು ಮಂದಿ ಇದ್ದೇವೆ. ಅರ್ಜಿ ನನ್ನ ಟ್ರಂಕಿನ ಮೇಲೆ ಇಟ್ಟಿದ್ದೇನೆ, ಪೆನ್ನೂ ಅಲ್ಲೇ ಇದೆ. ಸೋಮವಾರ ತಿರುಗಿ ಕೊಡಲಿಕ್ಕೆ ಹೋಗುತ್ತೇನೆ.