ಬಲ ಬೇಕೋ, ವೇಗ ಬೇಕೋ?

ಕಾರಿನ ಗೇರುಗಳನ್ನು ಚಾಲಕ ಬದಲಿಸುತ್ತಾನೆ. ಆದರೆ ಅವನ ಕೈಗೆ ಸಿಗದ ಇನ್ನೊಂದು ಜೋಡಿ ಹಲ್ಲುಚಕ್ರ ಗೇರ್‌ಬಾಕ್ಸಿನ ನಂತರ ಇರುತ್ತದೆ. ಅದೇ ಫೈನಲ್ ಡ್ರೈವ್. ಎಂಜಿನ್ನಿನ ಶಕ್ತಿ ಯಾವ ಗೇರಿನಿಂದ ಬಂದರೂ ಈ ಜೋಡಿಯನ್ನು ದಾಟಿಯೇ ಚಕ್ರ ತಲುಪಬೇಕು.

ಇದರ ಅನುಪಾತ ಎಷ್ಟಿರಬೇಕು? ಜಪಾನಿನ ಮಾಜ್ದಾ ಎಂಎಕ್ಸ್-5 ಕಾರನ್ನೇ ನೋಡಿ. 1989ರಲ್ಲಿ ಬಂದ 1.6 ಲೀಟರ್ ಎಂಜಿನ್ನಿನ ಮಾದರಿಗೆ 4.3 ಅನುಪಾತವಿತ್ತು. ಅದರ ನಾಲ್ಕನೆಯ ಗೇರು 1:1. ಚಕ್ರದ ಸುತ್ತಳತೆ ಸುಮಾರು 1.8 ಮೀಟರ್. ಚಕ್ರ ನಿಮಿಷಕ್ಕೆ 1000 ಸುತ್ತು ತಿರುಗಿದರೆ ವೇಗ ಗಂಟೆಗೆ 108 ಕಿ.ಮೀ. ಇದಕ್ಕೆ ಎಂಜಿನ್ 4300 ಸುತ್ತು ತಿರುಗಬೇಕು. ಅನುಪಾತ 4.1 ಆದರೆ 4100 ಸುತ್ತು ಸಾಕು. ಸದ್ದು ಕಡಿಮೆ, ಸಾಮಾನ್ಯವಾಗಿ ಪೆಟ್ರೋಲೂ ಉಳಿತಾಯ. ಆದರೆ ಚಕ್ರವನ್ನು ತಿರುಗಿಸುವ ಬಲ ಸುಮಾರು ಶೇ. 5ರಷ್ಟು ಇಳಿಯುತ್ತದೆ. ಏರುದಾರಿಯಲ್ಲಿ, ಲಾರಿಯನ್ನು ಹಿಂದಿಕ್ಕುವಾಗ ಆ ಕೊರತೆ ಗೊತ್ತಾಗುತ್ತದೆ. ಅಮೆರಿಕದ 1994ರ ಮಾದರಿಗೆ 1.8 ಲೀಟರ್ ಎಂಜಿನ್ ಬಂದಾಗ ಅನುಪಾತವನ್ನು 4.1ಕ್ಕೆ ಇಳಿಸಲಾಯಿತು. ಎಂಜಿನ್ನಿನ ಬಲ ಹೆಚ್ಚಿದ್ದರಿಂದ ಅದು ಸಾಧ್ಯವಾಯಿತು.

ನೇರವಾಗಿ 4 ಎಂದು ಏಕೆ ಇಡುವುದಿಲ್ಲ? 10 ಹಲ್ಲಿನ ಗೇರು 40 ಹಲ್ಲಿನದನ್ನು ತಿರುಗಿಸಿದರೆ ಪ್ರತಿ ಹಲ್ಲಿಗೂ ಯಾವಾಗಲೂ ಅದೇ ನಾಲ್ಕು ಹಲ್ಲುಗಳ ಸಹವಾಸ. ಒಂದು ಕೆಟ್ಟರೆ ಆ ನಾಲ್ಕೂ ಬೇಗ ಸವೆಯುತ್ತವೆ. 10 ಮತ್ತು 41ಕ್ಕೆ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲ. ಆದ್ದರಿಂದ ಪ್ರತಿ ಹಲ್ಲೂ ಸರದಿಯಂತೆ ಎಲ್ಲವನ್ನೂ ಸಂಧಿಸಿ, ಸವೆತ ಸಮನಾಗಿ ಹಂಚಿಹೋಗುತ್ತದೆ.

ಪಾಲಕರು ಗಮನಿಸಬೇಕಾದದ್ದು ಒಂದಿದೆ. ಅಂದಕ್ಕೆಂದು ಎತ್ತರದ ಟೈರು ಹಾಕಿಸಿದರೆ ಅನುಪಾತ ಇಳಿಸಿದಂತೆಯೇ ಆಗುತ್ತದೆ: ಎಳೆಯುವ ಬಲ ಕುಗ್ಗುತ್ತದೆ. ಜೊತೆಗೆ ಸ್ಪೀಡೋಮೀಟರ್ ಅದೇ ವೇಗವನ್ನು ಮೊದಲಿಗಿಂತ ಕಡಿಮೆಯಾಗಿ ತೋರಿಸುತ್ತದೆ. ಹೆಚ್ಚು ಅಪಾಯ ಇದರಿಂದಲೇ.