ಅಂಕಿಗಳನ್ನು ಗಣಕಕ್ಕೆ ಒಪ್ಪಿಸುವ ಮುನ್ನ

ಸಂಖ್ಯಾಶಾಸ್ತ್ರವನ್ನು ಕಲಿಯತಕ್ಕ ನಮ್ಮ ವಿದ್ಯಾರ್ಥಿಗಳು ಸರಾಸರಿ, ವಿಚಲನೆ, ಸಹಸಂಬಂಧ ಇವುಗಳ ಸೂತ್ರಗಳನ್ನು ಚೆನ್ನಾಗಿ ಬಲ್ಲರು. ಆದರೆ ಆ ಸೂತ್ರಗಳಿಗೆ ಆಧಾರವಾದ ಅಂಕಿಗಳು ಗಣಕಯಂತ್ರದೊಳಕ್ಕೆ ಹೇಗೆ ಪ್ರವೇಶಿಸುತ್ತವೆ ಎಂಬುದನ್ನು ಪರೀಕ್ಷಿಸುವವರು ವಿರಳ. ಅದು ಗುಮಾಸ್ತರ ಕೆಲಸವೆಂದು ಕಡೆಗಣಿಸುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ.

ಹರಿಹರ ತಾಲ್ಲೂಕಿನ ನಂದಿಗುಡಿಯ ಜಮೀನುಗಳ ವಿಸ್ತೀರ್ಣವನ್ನೂ ಫಸಲನ್ನೂ ಕೆಲವು ವಿದ್ಯಾರ್ಥಿಗಳು ಪಟ್ಟಿಮಾಡಿದರೆಂದು ಇಟ್ಟುಕೊಳ್ಳಿ. ಅದನ್ನು ಸರಳ ಪಠ್ಯದ ಕಡತವಾಗಿ ಉಳಿಸುತ್ತಾರೆ: ಜಮೀನಿಗೊಂದು ಸಾಲು, ಅಂಶ ಅಂಶಗಳ ನಡುವೆ ಅಲ್ಪವಿರಾಮ. ಇಂಥ ಕಡತವನ್ನು ಹೆಚ್ಚುಕಡಮೆ ಯಾವ ಯಂತ್ರವಾದರೂ ಓದಬಲ್ಲದು. ಅದೇ ಅದರ ಹಿರಿಮೆ. ಆದರೆ ಅದರಲ್ಲಿರುವುದು ಅಕ್ಷರಗಳು ಮಾತ್ರ, ಅವುಗಳ ಅರ್ಥವಲ್ಲ. ನಾವು ತಿಳಿಸದಿದ್ದರೆ ಅರ್ಥವನ್ನು ತಂತ್ರಾಂಶವೇ ಊಹಿಸಿಕೊಳ್ಳುತ್ತದೆ.

ಮೂರು ಎಕರೆ ಮೂವತ್ತು ಗುಂಟೆಯನ್ನು ನಮ್ಮ ಕಡೆ 3-30 ಎಂದೋ 3.30 ಎಂದೋ ಬರೆಯುವುದುಂಟು. ಎಕರೆಗೆ 40 ಗುಂಟೆಯಾದಕಾರಣ ಇದು ವಾಸ್ತವವಾಗಿ 3.75 ಎಕರೆ. ತಂತ್ರಾಂಶವು ಗುಂಟೆಯನ್ನರಿಯದು, 3.30 ಎಂಬುದನ್ನು ದಶಾಂಶವೆಂದೇ ಬಗೆದು 3.3 ಎಂದು ಇಟ್ಟುಕೊಳ್ಳುತ್ತದೆ. ಹದಿನೆಂಟು ಗುಂಟೆ ಜಮೀನು ಲೆಕ್ಕದಿಂದ ಮಾಯವಾಯಿತು! ಗುಂಟೆಯನ್ನು ಎರಡಂಕಿಯಲ್ಲಿ ಬರೆದಲ್ಲೆಲ್ಲ ಈ ತಪ್ಪು ವಿಸ್ತೀರ್ಣವನ್ನು ತಗ್ಗಿಸುವುದೇ ಹೊರತು ಎಂದೂ ಹೆಚ್ಚಿಸದು. ಒಂದೇ ಕಡೆಗೆ ವಾಲುವ ಇಂಥ ತಪ್ಪು ಸಾವಿರ ಸಾಲುಗಳ ಸರಾಸರಿಯಲ್ಲಿಯೂ ಅಳಿಸಿಹೋಗುವುದಿಲ್ಲ. ಎಕರೆವಾರು ಇಳುವರಿ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಆ ಇಳುವರಿಯನ್ನು ನಂಬಿ ಬೆಳೆ ವಿಮೆಯ ಪರಿಹಾರವನ್ನು ಗೊತ್ತುಮಾಡಿದರೆ ನಷ್ಟಪಡತಕ್ಕವನು ರೈತನೇ.

ಸರ್ವೆ ನಂಬರಿನ ಪಾಡು ಇನ್ನೂ ವಿಚಿತ್ರ. ಕಡತವನ್ನು ಎಕ್ಸೆಲ್‌ನಲ್ಲಿ ಸುಮ್ಮನೆ ತೆರೆದು ಉಳಿಸಿದರೆ ಸಾಕು, 12/3 ಎಂಬುದು ತಾರೀಖಾಗಿಬಿಡುತ್ತದೆ. ದೊಡ್ಡ ದೊಡ್ಡ ವಿಜ್ಞಾನಿಗಳೂ ಈ ಚಾಳಿಗೆ ಸೋತಿದ್ದಾರೆ: ಸೆಪ್ಟ್1, ಮಾರ್ಚ್1 ಮೊದಲಾದ ಜೀನುಗಳ ಹೆಸರುಗಳು ತಾರೀಖುಗಳಾಗುತ್ತಿದ್ದುದರಿಂದ, ಮಾನವ ಜೀನುಗಳಿಗೆ ಹೆಸರಿಡುವ ಸಮಿತಿಯು 2020ರಲ್ಲಿ ಆ ಹೆಸರುಗಳನ್ನೇ ಬದಲಾಯಿಸಿತು. ಯಂತ್ರವನ್ನು ತಿದ್ದುವುದಕ್ಕಿಂತ ಜೀನನ್ನು ತಿದ್ದುವುದು ಸುಲಭವಾಯಿತೆಂದು ತೋರುತ್ತದೆ.

ಅದೇ ವರ್ಷ ಇಂಗ್ಲೆಂಡಿನಲ್ಲಿ ನಡೆದದ್ದು ನಗುವ ಮಾತಲ್ಲ. ಪ್ರಯೋಗಾಲಯಗಳಿಂದ ಬಂದ ಸರಳ ಪಠ್ಯದ ಕಡತಗಳನ್ನು 65,536 ಸಾಲುಗಳಿಗಿಂತ ಹೆಚ್ಚು ಹಿಡಿಯಲಾರದ ಹಳೆಯ ಎಕ್ಸೆಲ್ ಹಾಳೆಗಳಿಗೆ ತುಂಬಿದ್ದರು. ಮಿಕ್ಕ ಸಾಲುಗಳು ಬಿದ್ದುಹೋಗಿ, 15,841 ಕೊರೋನಾ ಸೋಂಕಿತರು ದಿನದ ಲೆಕ್ಕದಿಂದ ತಪ್ಪಿಹೋದರು. ಅವರ ಸಂಪರ್ಕದಲ್ಲಿದ್ದವರಿಗೆ ಎಚ್ಚರಿಕೆಯು ತಡವಾಗಿ ಮುಟ್ಟಿತು.

ಕನ್ನಡದಲ್ಲಿ ಬರೆಯುವವರಿಗೆ ಬೇರೊಂದು ಜಾಗರೂಕತೆಯೂ ಬೇಕು. ‘ನಂದಿಗುಡಿ’ ಎಂಬುದು ನಮ್ಮ ಕಣ್ಣಿಗೆ ನಾಲ್ಕಕ್ಷರ. ಯುನಿಕೋಡಿನಲ್ಲಿ 8 ಸಂಕೇತಗಳು. ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿದಾಗ 24 ಬೈಟುಗಳು. ಓದುವ ತಂತ್ರಾಂಶವು ಬೇರೆ ಪದ್ಧತಿಯೆಂದು ತಿಳಿದರೆ ಊರಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಇನ್ನು 1,25,000 ರೂಪಾಯಿ ಎಂದು ನಮ್ಮ ರೀತಿಯಲ್ಲಿ ಅಲ್ಪವಿರಾಮ ಹಾಕಿ, ಉದ್ಧರಣ ಚಿಹ್ನೆಗಳೊಳಗಿಡದೆ ಬರೆದರೆ ಒಂದು ಮೊತ್ತ ಮೂರು ಕಾಲಂಗಳಾಗಿ ಒಡೆಯುವುದು.

ಇವುಗಳಿಗೆ ಪರಿಹಾರವು ಕಷ್ಟದ್ದೇನಲ್ಲ. ಎಕರೆಗೂ ಗುಂಟೆಗೂ ಬೇರೆ ಬೇರೆ ಕಾಲಂ ಇರಲಿ. ಸರ್ವೆ ನಂಬರು ಅಂಕಿಯಲ್ಲ, ಪಠ್ಯವೆಂದು ‘ಆರ್’ ಮುಂತಾದ ತಂತ್ರಾಂಶಗಳಿಗೆ ಓದುವಾಗಲೇ ತಿಳಿಸಬಹುದು. ಓದಿಸಿದ ಕೂಡಲೆ ಸಾಲುಗಳನ್ನು ಎಣಿಸಿ ಮೂಲದೊಡನೆ ತಾಳೆ ನೋಡತಕ್ಕದ್ದು. ಮೂಲ ಕಡತವನ್ನು ಮಾತ್ರ ತಿದ್ದಕೂಡದು. ಆದರೆ ಕಾಲೇಜಿನ ಪ್ರಾಯೋಗಿಕ ಪರೀಕ್ಷೆಯಲ್ಲಿ ಎಲ್ಲವನ್ನೂ ಹಸನುಮಾಡಿದ ಕಡತವನ್ನೇ ಕೊಡುತ್ತಿದ್ದರೆ ಇದನ್ನು ಯಾರು ಕಲಿತಾರು? ಗುಂಟೆ, ಹಿಸ್ಸೆ, ಅಲ್ಪವಿರಾಮಗಳೆಲ್ಲ ಇದ್ದಂತೆಯೇ ಇರುವ ಒಂದು ಹಳ್ಳಿಯ ಪಟ್ಟಿಯನ್ನು ಕೊಟ್ಟು, ಅದನ್ನು ಸರಿಯಾಗಿ ಓದಿಸಿದುದಕ್ಕೇ ಅರ್ಧದಷ್ಟು ಅಂಕಗಳನ್ನು ಮೀಸಲಿಡಬೇಕೆಂದು ನಾವು ಅಧ್ಯಾಪಕರನ್ನು ಕೇಳಿಕೊಳ್ಳುತ್ತೇವೆ.